ಹದಿನಾರು ತೂತಿನ ಫ್ಲೇಂಜು

ವಸ್ತುವಿನ ಮೇಲೆ ಬಲ ಬಿದ್ದರೆ ಏನಾಗುತ್ತದೆ ಅಂತ ಕಂಪ್ಯೂಟರಿನಲ್ಲೇ ಲೆಕ್ಕಹಾಕುವ ಅಬಾಕಸ್ ತಂತ್ರಾಂಶದಲ್ಲಿ, ಪೈಪಿನ ತುದಿಯ ಬಳೆಗೆ, ಅಂದರೆ ಫ್ಲೇಂಜಿಗೆ, ಬೋಲ್ಟ್ ತೂತು ಕೊರೆದು, ಪ್ರತಿ ತೂತಿಗೂ 'ಇದು ಅಲ್ಲಾಡಬಾರದು' ಅಂತ ಬೌಂಡರಿ ಕಂಡಿಷನ್ ಕೊಡುವುದಿದೆಯಲ್ಲ, ಅದು ಜಪ. ಕ್ಲಿಕ್, ಕ್ಲಿಕ್, ಓಕೆ. ಮತ್ತೆ ಕ್ಲಿಕ್, ಕ್ಲಿಕ್, ಓಕೆ. ಮಧ್ಯೆ ಯಾರಾದರೂ 'ಕಾಫಿಗೆ ಬರ್ತೀರಾ' ಅಂದರೆ ಎಷ್ಟನೇ ತೂತಲ್ಲಿದ್ದೆ ಅನ್ನೋದೇ ಮರೆತುಹೋಗುತ್ತದೆ. ಅದಕ್ಕೇ ಈ ಕ್ಲಿಕ್ಕುಗಳನ್ನೆಲ್ಲ ತಾನೇ ಮಾಡುವ, ಪೈಥಾನ್ ಭಾಷೆಯ ಸ್ಕ್ರಿಪ್ಟ್ ಒಂದು ನಮ್ಮಲ್ಲಿತ್ತು. ಬರೆದವರು ಕೆಲಸ ಬಿಟ್ಟು ಹೋಗಿದ್ದರು, ಸ್ಕ್ರಿಪ್ಟ್ ಪಿತ್ರಾರ್ಜಿತವಾಗಿ ನನ್ನ ಪಾಲಿಗೆ ಬಂದಿತ್ತು.

12 ತೂತಿಗೆ ಚೆನ್ನಾಗೇ ಓಡುತ್ತಿತ್ತು. 8ಕ್ಕೂ ಓಡುತ್ತಿತ್ತು. ಕ್ಲೈಂಟ್ 16 ಅಂದರು. ಸಂಖ್ಯೆ ಬದಲಿಸಿ ಓಡಿಸಿದರೆ ತೂತುಗಳೆಲ್ಲ ಒತ್ತೊತ್ತಾಗಿ ಕೂತು, ಕೊನೆಯಲ್ಲಿ ಮಾತ್ರ ಅಗಲ ಸಂದು, ಹಾಲುಹಲ್ಲು ಬಿದ್ದ ಮಗು ನಕ್ಕ ಹಾಗೆ! ಅಬಾಕಸ್ ಒಳಗೆ 2023ರ ಆವೃತ್ತಿಯವರೆಗೂ ಇದ್ದದ್ದು ಪೈಥಾನ್ 2.7. ಅದರ ಲೆಕ್ಕದಲ್ಲಿ 360ನ್ನು 16ರಿಂದ ಭಾಗಿಸಿದರೆ 22. ಉಳಿದ ಅರ್ಧ ಡಿಗ್ರಿ? ಸ್ವಾಹಾ. ಹೀಗೆ ನುಂಗಿದ್ದೆಲ್ಲ ಸೇರಿ ಕೊನೆಯ ಸಂದು 30 ಡಿಗ್ರಿ ಆಗಿತ್ತು. 12ರಿಂದಲೂ 8ರಿಂದಲೂ 360 ಶೇಷವಿಲ್ಲದೆ ಭಾಗವಾಗುತ್ತದೆ ನೋಡಿ, ಅದಕ್ಕೇ ಇಷ್ಟು ದಿನ ಬಚಾವ್. 360ರ ಮುಂದೆ ಒಂದು ಚುಕ್ಕಿ, ಒಂದು ಸೊನ್ನೆ ಹಾಕಿದೆ, ಸರಿಹೋಯ್ತು.

ಆಮೇಲಿನದ್ದು ಇನ್ನೂ ಮಜಾ. ಸ್ಟ್ರೆಸ್, ಅಂದರೆ ಬಲ ಬಿದ್ದಾಗ ಲೋಹದೊಳಗೆ ಹುಟ್ಟುವ ಒತ್ತಡ, ಹೆಚ್ಚುಕಡಿಮೆ ಸೊನ್ನೆ ಬಂತು. ಮ್ಯಾನೇಜರ್ 'ಏನ್ ಗಟ್ಟಿ ಡಿಸೈನ್ ರೀ!' ಅಂತ ಖುಷಿಪಟ್ಟರು. ಅಸಲಿ ಕಥೆ ಬೇರೆ. ಮೌಸಿನಲ್ಲಿ ಆರಿಸಿದ ಮುಖಗಳನ್ನು (ಮೇಲ್ಮೈಗಳನ್ನು) ಸ್ಕ್ರಿಪ್ಟಾಗಿ ರೆಕಾರ್ಡ್ ಮಾಡಿದರೆ, ನಾವಾಗಿ ಕೇಳದ ಹೊರತು, ಅವು ಎಲ್ಲಿವೆ ಅಂತ ಅಬಾಕಸ್ ಬರೆಯುವುದಿಲ್ಲ. ಮಾಸ್ಕ್ ಅನ್ನೋ ಗುಪ್ತಲಿಪಿ ಬರೆದಿಡುತ್ತದೆ. ತೂತು ಜಾಸ್ತಿಯಾದರೆ ಮುಖಗಳ ನಂಬರು ಅದಲುಬದಲು, ಹಳೇ ಮಾಸ್ಕು ಇನ್ಯಾರನ್ನೋ ಹಿಡಿದು ತರುತ್ತದೆ. ಇಲ್ಲಿ ಎಳೆಯಬೇಕಾದ ಮುಖವನ್ನೇ ಕಟ್ಟಿಹಾಕಿತ್ತು. ಬಲ ಬಿದ್ದ ಜಾಗದಲ್ಲೇ ಆಧಾರ, ಇನ್ನು ಸ್ಟ್ರೆಸ್ ಎಲ್ಲಿಂದ ಬರಬೇಕು ಪಾಪ?

ಸರಿ, ಮಾಸ್ಕ್ ತೆಗೆದು, ಕೊಟ್ಟ ಬಿಂದುವಿನಲ್ಲಿರುವ ಮುಖವನ್ನು ಹುಡುಕಿಕೊಡುವ ಫೈಂಡ್‌ಆಟ್ ಹಾಕಿ, ಬಿಂದುಗಳ ಅಳತೆ ಕೊಟ್ಟೆ. ಅಷ್ಟರಲ್ಲಿ ಕ್ಲೈಂಟ್ ಪಿಚ್ ಸರ್ಕಲ್ (ತೂತುಗಳ ಕೇಂದ್ರಗಳು ಕೂರುವ ವೃತ್ತ) ಬದಲಿಸಿದ ಹೊಸ ಜ್ಯಾಮಿತಿ ಕಳಿಸಿದರು. ಹಳೇ ಬಿಂದುಗಳಲ್ಲಿ ಈಗ ಮುಖವೇ ಇಲ್ಲ, ಹಾಗಾಗಿ ಆಧಾರವೂ ಇಲ್ಲ. ಲೆಕ್ಕ ಮಾಡುವ ಸಾಲ್ವರ್ 'ಸಿಂಗ್ಯುಲಾರಿಟಿ', ಅಂದರೆ ಹಿಡಿದಿಡಲು ಏನೂ ಇಲ್ಲ, ಅಂತ ಎಚ್ಚರಿಕೆ ಕೊಟ್ಟೂ ಲೆಕ್ಕ ಮುಗಿಸಿತ್ತು. ಫ್ಲೇಂಜ್ ಸರಿದ ದೂರ ಹತ್ತು ಲಕ್ಷ ಕಿಲೋಮೀಟರಿಗೂ ಜಾಸ್ತಿ. ಚಂದ್ರ ಇರುವುದೇ ಸುಮಾರು 3,84,000 ಕಿಲೋಮೀಟರ್ ದೂರದಲ್ಲಿ, ಅದೂ ಒಂದೂ ಬೋಲ್ಟ್ ಇಲ್ಲದೆ ಹತ್ತಿರದಲ್ಲೇ ಸುತ್ತಿಕೊಂಡಿದೆ.

ಕೊನೆಗೆ ಪಿಚ್ ಸರ್ಕಲ್‌ನಿಂದಲೇ ಬಿಂದುಗಳನ್ನು ಲೆಕ್ಕಹಾಕಿ, ಸಿಕ್ಕ ಮುಖಗಳನ್ನು ಎಣಿಸಿ, ಕಡಿಮೆ ಬಂದರೆ ಓಡುವುದಿಲ್ಲ ಅಂತ ಹಟ ಹಿಡಿಯುವ ಸ್ಕ್ರಿಪ್ಟ್ ತಯಾರಾಯಿತು. 16 ಏನು, 17 ತೂತು ಕೊಟ್ಟರೂ ಸೈ. ಕ್ಲೈಂಟಿಗೆ ಹೆಮ್ಮೆಯಿಂದ ತೋರಿಸಿದೆವು. ಚೆನ್ನಾಗಿದೆ ಅಂದರು. ಬೋಲ್ಟ್ ಬೇಡ, ವೆಲ್ಡ್ ಮಾಡಿಬಿಡ್ತೀವಿ ಅಂದರು.