ಕಾಣದ ಎಣ್ಣೆಯ ಮೇಲೆ ಉರುಳಿದ ಆಟ

ಹೋದ ತಿಂಗಳು ನಮ್ಮ ಮನೆಯಿಂದ ಎರಡು ಮೈಲಿ ದೂರದಲ್ಲಿದ್ದ ಬೌಲಿಂಗ್ ಸೆಂಟರ್ ಮುಚ್ಚಿತು. ಡೆಟ್ರಾಯಿಟ್ ಪಕ್ಕದ ಊರು ನಮ್ಮದು. ಸಾಮಾನು ಹರಾಜಿಗಿದೆ ಅಂತ ಗೊತ್ತಾಗಿ ಸುಮ್ನೆ ನೋಡಿಕೊಂಡು ಬರೋಣ ಅಂತ ಹೋದೆ. ಲೇನಿನ, ಅಂದರೆ ಚೆಂಡು ಉರುಳಿಸುವ ಉದ್ದನೆಯ ಹಾದಿಯ ಮರವನ್ನು ಗರಗಸದಲ್ಲಿ ಕೊಯ್ದು ತುಂಡು ತುಂಡಾಗಿ ಮಾರುತ್ತಿದ್ದರು. ಊಟದ ಮೇಜು ಮಾಡಿಸಿಕೊಳ್ಳೋಕೆ ಚೆನ್ನಾಗಿರುತ್ತದಂತೆ. ಬಾಡಿಗೆ ಶೂಗಳನ್ನು ಒಂದು ಡಬ್ಬದಲ್ಲಿ ಸುರಿದಿದ್ದರು, ಜೋಡಿಗೆ ಒಂದು ಡಾಲರ್.

ಪಕ್ಕದ ಮನೆಯ ಅಜ್ಜ ಜೊತೆಗೆ ಬಂದಿದ್ದರು. ಎಂಬತ್ತಾರು ವರ್ಷ. ಕಾರು ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಅಲ್ಲಿ ಅವರು ಏನೂ ಕೊಳ್ಳಲಿಲ್ಲ. ಇನ್ನೂ ಕೊಯ್ಯದೆ ಉಳಿದಿದ್ದ ಒಂದು ಲೇನಿನ ಮುಂದೆ ನಿಂತರು. ಕಷ್ಟಪಟ್ಟು ಬಗ್ಗಿದರು. ಬೆರಳಲ್ಲಿ ನೆಲ ಸವರಿ, ಬೆರಳನ್ನು ಮೂಸಿ ನೋಡಿ, "ಇನ್ನೂ ಎಣ್ಣೆ ಇದೆ" ಎಂದರು.

ಆ ಎಣ್ಣೆಯ ವಿಷಯಕ್ಕೆ ಆಮೇಲೆ ಬರುತ್ತೇನೆ.

ಬೌಲಿಂಗ್ ಅಂದ ತಕ್ಷಣ ನಮ್ಮವರಿಗೆ ಚಂದ್ರ, ಪ್ರಸನ್ನ, ಕುಂಬ್ಳೆ ನೆನಪಾಗುತ್ತಾರೆ. ಇದು ಆ ಬೌಲಿಂಗ್ ಅಲ್ಲ. 60 ಅಡಿ ಆಚೆ ತ್ರಿಕೋನವಾಗಿ ನಿಲ್ಲಿಸಿದ ಹತ್ತು ಪಿನ್‌ಗಳನ್ನು ಭಾರದ ಚೆಂಡು ಉರುಳಿಸಿ ಕೆಡವುವ ಆಟ. ಬೆಂಗಳೂರಲ್ಲಿ ಅಕ್ಕನ ಮಗನಿಗೆ ಇದು ಗೊತ್ತು, ಆದರೆ ಅವನ ಲೆಕ್ಕದಲ್ಲಿ ಅದು ಮಾಲ್‌ನಲ್ಲಿ ಬರ್ತ್‌ಡೇ ಪಾರ್ಟಿಗೆ ಆಡುವಂಥದ್ದು. "ಮಾವ, ಇದನ್ನೇ ಕೆಲಸ ಅಂತ ಮಾಡೋರೂ ಇದ್ದಾರಾ?" ಅಂತ ಕೇಳಿದ. ಇದ್ದಾರೆ ಮಾರಾಯ. ಒಂದು ಕಾಲದಲ್ಲಿ ಅವರು ಅಮೆರಿಕದ ದೊಡ್ಡ ಸ್ಟಾರ್‌ಗಳಾಗಿದ್ದರು.

ನಮ್ಮ ಅಜ್ಜ ಹನ್ನೆರಡನೇ ವಯಸ್ಸಿಗೆ ಪಿನ್ ಬಾಯ್ ಆಗಿದ್ದವರು. ಹಾಗಂದರೆ ಲೇನಿನ ಕೊನೆಯಲ್ಲಿ ಕಟ್ಟೆ ಮೇಲೆ ಕಾಲು ಎತ್ತಿಕೊಂಡು ಕೂರುವುದು. ಚೆಂಡು ಬಂದು ಬಡಿದ ಮೇಲೆ ಕೆಳಗೆ ಹಾರಿ ಬಿದ್ದ ಪಿನ್‌ಗಳನ್ನು ಎತ್ತಿ ನಿಲ್ಲಿಸುವುದು. ಚೆಂಡನ್ನು ವಾಪಸ್ ಉರುಳಿಸಿ ಮತ್ತೆ ಕಟ್ಟೆ ಹತ್ತುವುದು. ಪಿನ್ ಸಿಡಿದು ಬಡಿದ ಗಾಯದ ಕಲೆ ಈಗಲೂ ಮೊಣಕಾಲಿನ ಕೆಳಗಿದೆ, ಕೇಳಿದವರಿಗೆಲ್ಲ ತೋರಿಸುತ್ತಾರೆ. 1952ರಲ್ಲಿ ಇಲ್ಲೇ ಹತ್ತಿರದ ಮೌಂಟ್ ಕ್ಲೆಮೆನ್ಸ್‌ನಲ್ಲಿ ಎಎಂಎಫ್ ಕಂಪನಿ ತಾನೇ ಪಿನ್ ನಿಲ್ಲಿಸುವ ಮೆಷಿನ್ ತಂದು ಕೂರಿಸಿತು. ಅಲ್ಲಿಗೆ ಪಿನ್ ಬಾಯ್ ಕೆಲಸದ ಕತೆ ಮುಗಿಯಿತು, ಆಟಕ್ಕೆ ರೆಕ್ಕೆ ಬಂತು. ಮೆಷಿನ್‌ಗೆ ನಿದ್ದೆ ಬೇಡ ನೋಡಿ. ಎರಡನೇ ಪಾಳಿ ಮುಗಿಸಿದವರು ಮಧ್ಯರಾತ್ರಿ ಬಂದು ಆಡಿದರು. 1960ರ ದಶಕದ ನಡುವಿಗೆ ದೇಶದಲ್ಲಿ ಸುಮಾರು 12,000 ಬೌಲಿಂಗ್ ಸೆಂಟರ್‌ಗಳಿದ್ದವು.

ಆಡುವವರು ಅಷ್ಟಿದ್ದ ಮೇಲೆ, ಚೆನ್ನಾಗಿ ಆಡುವವರನ್ನು ನೋಡುವವರೂ ಇದ್ದೇ ಇರುತ್ತಾರಲ್ವಾ? ಆಗ ಒಳ್ಳೆಯ ಆಟಗಾರರನ್ನು ಸಾಕುತ್ತಿದ್ದದ್ದು ಬಿಯರ್ ಕಂಪನಿಗಳು. ಸೇಂಟ್ ಲೂಯಿಸ್‌ನ ಬಡ್‌ವೈಸರ್ ತಂಡದಲ್ಲಿ ಡಾನ್ ಕಾರ್ಟರ್, ಡಿಕ್ ವೆಬರ್ ಇಬ್ಬರೂ ಇದ್ದರು. 1958ರಲ್ಲಿ ಓಹಿಯೋದ ಎಡ್ಡಿ ಇಲಿಯಾಸ್ ಅನ್ನುವ ವಕೀಲ ಇವರನ್ನೆಲ್ಲ ಒಂದು ಕಡೆ ಸೇರಿಸಿದ. 33 ಆಟಗಾರರು ತಲಾ 50 ಡಾಲರ್ ಹಾಕಿದರು. ಪ್ರೊಫೆಷನಲ್ ಬೌಲರ್ಸ್ ಅಸೋಸಿಯೇಷನ್, ಅಂದರೆ ಪಿಬಿಎ ಹುಟ್ಟಿದ್ದು ಹೀಗೆ. ಊರ ಹಬ್ಬಕ್ಕೆ ವಂತಿಗೆ ಎತ್ತಿದ ಹಾಗೆ.

ಮಧ್ಯೆ ಒಂದು ತಮಾಷೆಯೂ ನಡೆಯಿತು. 1961ರಲ್ಲಿ ಬೇಸ್‌ಬಾಲ್ ತರಹ ಊರೂರಿಗೊಂದು ತಂಡ ಕಟ್ಟಿ ನ್ಯಾಷನಲ್ ಬೌಲಿಂಗ್ ಲೀಗ್ ಶುರು ಮಾಡಿದರು. ಡಾನ್ ಕಾರ್ಟರ್ ಸೇರಲೇ ಇಲ್ಲ. ಒಂದೇ ಸೀಸನ್‌ಗೆ ಬಾಗಿಲು ಮುಚ್ಚಿತು. ಗೆದ್ದದ್ದು ನಮ್ಮ ಡೆಟ್ರಾಯಿಟ್ ತಂಡ, ಆದರೆ ಈ ಊರಲ್ಲಿ ಈಗ ಅದು ಯಾರಿಗೂ ನೆನಪಿಲ್ಲ.

ನಿಜವಾಗಿ ಕೈ ಹಿಡಿದದ್ದು ಟಿವಿ. 1962ರಿಂದ ಎಬಿಸಿ ಚಾನೆಲ್ ಶನಿವಾರ ಮಧ್ಯಾಹ್ನ ಪ್ರೊ ಬೌಲಿಂಗ್ ತೋರಿಸೋಕೆ ಶುರು ಮಾಡಿತು. ಕಾಮೆಂಟರಿಗೆ ಕ್ರಿಸ್ ಶೆಂಕೆಲ್. ಆಟದ ರೀತಿಯೂ ಟಿವಿಗೆ ಹೇಳಿ ಮಾಡಿಸಿದ ಹಾಗಿತ್ತು. ವಾರವಿಡೀ ಹತ್ತಾರು ಗೇಮ್ ಆಡಿ ಐವರು ಉಳಿಯುತ್ತಿದ್ದರು. ಐದನೆಯವನು ನಾಲ್ಕನೆಯವನ ಜೊತೆ ಆಡಬೇಕು, ಗೆದ್ದವನು ಮೂರನೆಯವನ ಜೊತೆ. ಹೀಗೆ ಏಣಿ ಹತ್ತುತ್ತಾ ಹೋದರೆ ಕೊನೆಗೆ ಮೊದಲ ಸ್ಥಾನದವನು ಕಾದು ಕೂತಿರುತ್ತಾನೆ. ಒಂದೂವರೆ ಗಂಟೆಯಲ್ಲಿ ಎಲ್ಲ ತೀರ್ಮಾನ. 1964ರಲ್ಲಿ ಡಾನ್ ಕಾರ್ಟರ್ ಎಬೊನೈಟ್ ಕಂಪನಿಯ ಜೊತೆ ಹತ್ತು ಲಕ್ಷ ಡಾಲರ್‌ನ ಜಾಹೀರಾತು ಒಪ್ಪಂದ ಮಾಡಿಕೊಂಡ. ಯಾವ ಆಟದವನಿಗೂ ಅದುವರೆಗೆ ಅಷ್ಟು ಸಿಕ್ಕಿರಲಿಲ್ಲ. ಮಾರನೇ ವರ್ಷದಿಂದ ಓಹಿಯೋದ ಆಕ್ರನ್‌ನಲ್ಲಿ ಫೈರ್‌ಸ್ಟೋನ್ ಟೈರ್ ಕಂಪನಿಯ ದುಡ್ಡಲ್ಲಿ ಟೂರ್ನಮೆಂಟ್ ಆಫ್ ಚಾಂಪಿಯನ್ಸ್ ಪ್ರತಿ ವರ್ಷ ನಡೆಯೋಕೆ ಶುರುವಾಯಿತು.

ಅಜ್ಜನ ಮೆಚ್ಚಿನ ಆಟಗಾರ ಮಾತ್ರ ಅರ್ಲ್ ಆಂಥನಿ. ಎಡಗೈಯವನು, ಕನ್ನಡಕ, ನೀಟಾಗಿ ಕತ್ತರಿಸಿದ ಕೂದಲು, ಬ್ಯಾಂಕ್ ಮ್ಯಾನೇಜರ್ ತರಹದ ಮುಖ. ಮೊದಲು ದಿನಸಿ ಗೋದಾಮಿನಲ್ಲಿ ಫೋರ್ಕ್‌ಲಿಫ್ಟ್ ಓಡಿಸುತ್ತಿದ್ದವನು. 1975ರಲ್ಲಿ ಒಂದೇ ಸೀಸನ್‌ನಲ್ಲಿ ಲಕ್ಷ ಡಾಲರ್ ಬಹುಮಾನ ಗೆದ್ದ, ಈ ಆಟದಲ್ಲಿ ಮೊದಲ ಸಲ. "ನಾನೂ ಫೋರ್ಕ್‌ಲಿಫ್ಟ್ ಓಡಿಸುತ್ತಿದ್ದೆ. ಶನಿವಾರ ಅವನ ಆಟ ನೋಡುವುದು, ಮಂಗಳವಾರ ಅವನ ಹಾಗೆ ಎಸೆಯೋಕೆ ಹೋಗಿ ಚೆಂಡನ್ನು ಲೇನಿನ ಪಕ್ಕದ ಗಟರ್‌ಗೆ ಹಾಕುವುದು" ಅಂತ ಅಜ್ಜ ನಗುತ್ತಾರೆ.

ನನಗೆ ಇಡೀ ಕತೆಯ ಕೀಲಿಕೈ ಆ ಶನಿವಾರ–ಮಂಗಳವಾರದಲ್ಲೇ ಇದೆ ಅನ್ನಿಸುತ್ತದೆ. ಪ್ರೊ ಬೌಲಿಂಗ್ ನೋಡುತ್ತಿದ್ದವರು ಬರೀ ಪ್ರೇಕ್ಷಕರಲ್ಲ, ವಾರಕ್ಕೊಮ್ಮೆ ಲೀಗ್ ಆಡುವವರು. ಕಾರ್ಖಾನೆಯ ಲೀಗ್, ಚರ್ಚಿನ ಲೀಗ್, ಹೆಂಗಸರ ಬೆಳಗಿನ ಲೀಗ್. ಐದು ಜನರ ತಂಡ, ಬೆನ್ನ ಮೇಲೆ ಹೆಸರು ಹೊಲಿಸಿದ ಅಂಗಿ, ಮೂವತ್ತು ವಾರ ತಪ್ಪದೆ ಹಾಜರಿ. 1970ರ ದಶಕದ ಕೊನೆಗೆ ಹೀಗೆ ಹೆಸರು ನೋಂದಾಯಿಸಿದ ಲೀಗ್ ಆಟಗಾರರು 90 ಲಕ್ಷಕ್ಕೂ ಜಾಸ್ತಿ ಇದ್ದರು. ಈಗ ಹತ್ತು ಲಕ್ಷದ ಆಸುಪಾಸು.

ಈಗ ಎಣ್ಣೆಯ ವಿಷಯ.

ಲೇನಿನ ಮೇಲೆ ಎಣ್ಣೆ ಬಳಿದಿರುತ್ತಾರೆ. ಮುಂದಿನ ಸುಮಾರು 40 ಅಡಿ ಎಣ್ಣೆ, ಆಮೇಲೆ ಒಣ ನೆಲ. ಎಣ್ಣೆ ಇರುವಷ್ಟು ದೂರ ಚೆಂಡು ಜಾರುತ್ತದೆ. ಒಣ ನೆಲ ಸಿಕ್ಕ ಕೂಡಲೇ ಕಚ್ಚಿಕೊಂಡು ತಿರುಗುತ್ತದೆ. ನಮ್ಮಂಥವರಿಗೆ ಹಾಕುವ ಮಾಮೂಲಿ ಲೇನಿನಲ್ಲಿ ಮಧ್ಯೆ ಎಣ್ಣೆ ಜಾಸ್ತಿ, ಅಂಚಿನಲ್ಲಿ ಕಡಿಮೆ. ಸ್ವಲ್ಪ ತಪ್ಪಿ ಎಸೆದರೂ ನೆಲವೇ ಚೆಂಡನ್ನು ದಾರಿಗೆ ತರುತ್ತದೆ. ಪ್ರೊಗಳಿಗೆ ಆ ಕರುಣೆ ಇಲ್ಲ. ಅವರ ಎಣ್ಣೆಯ ವಿನ್ಯಾಸಗಳಿಗೆ ಚೀತಾ, ವೈಪರ್, ಶಾರ್ಕ್ ಅಂತೆಲ್ಲ ಹೆಸರುಗಳಿವೆ. ಒಂದರಲ್ಲಿ ಎಣ್ಣೆ ಗಿಡ್ಡ, ಇನ್ನೊಂದರಲ್ಲಿ ಉದ್ದ. ಸಾಲದ್ದಕ್ಕೆ ಪ್ರತಿ ಎಸೆತವೂ ಸ್ವಲ್ಪ ಎಣ್ಣೆಯನ್ನು ಹೊತ್ತುಕೊಂಡು ಹೋಗುತ್ತದೆ. ಮೊದಲ ಗೇಮ್‌ನಲ್ಲಿ ಸ್ಟ್ರೈಕ್ (ಒಂದೇ ಎಸೆತಕ್ಕೆ ಹತ್ತೂ ಪಿನ್ ಕೆಡವುವುದು) ಕೊಟ್ಟ ಗೆರೆ ಮೂರನೇ ಗೇಮ್‌ನಲ್ಲಿ ಕೈ ಕೊಡುತ್ತದೆ. ಐದನೇ ದಿನದ ಪಿಚ್ ಇದ್ದ ಹಾಗೆ ಅಂದುಕೊಳ್ಳಿ. ಆದರೆ ಪಿಚ್ ಬಿರುಕು ಬಿಟ್ಟದ್ದು ಟಿವಿಯಲ್ಲಿ ಕಾಣುತ್ತದೆ. ಇಲ್ಲಿ ಪಿಚ್ಚೇ ಕಾಣುವುದಿಲ್ಲ. ಎಣ್ಣೆಗೆ ನೀಲಿ ಬಣ್ಣ ಬೆರೆಸಿ ತೋರಿಸುವ ಪ್ರಯತ್ನವನ್ನೂ ಮಾಡಿದರು. ನೋಡಿದವರಿಗೆ ನೆಲದ ಮೇಲೆ ಏನೋ ಚೆಲ್ಲಿದ ಹಾಗೆ ಕಂಡಿರಬೇಕು ಅಷ್ಟೇ.

ಮಂಗಳವಾರ ಆಡಿದವನಿಗೆ ಇದೆಲ್ಲ ಕಾಲಿನಲ್ಲೇ ಗೊತ್ತಿರುತ್ತದೆ. ಶನಿವಾರ ಆಂಥನಿ ಅರ್ಧ ಹೆಜ್ಜೆ ಎಡಕ್ಕೆ ಸರಿದು ನಿಂತರೆ ಅವನು ಸೋಫಾದಿಂದ ಮುಂದಕ್ಕೆ ಬಗ್ಗುತ್ತಾನೆ. ಆಡದವನಿಗೆ ಕಾಣುವುದು ಇಷ್ಟೇ: ಒಬ್ಬ ಮನುಷ್ಯ ಚೆಂಡು ಉರುಳಿಸಿದ, ಪಿನ್ ಬಿದ್ದವು. ಇನ್ನೊಬ್ಬ ಉರುಳಿಸಿದ, ಮತ್ತೆ ಬಿದ್ದವು.

ಲೀಗ್‌ಗಳು ಯಾಕೆ ಕರಗಿದವು ಅನ್ನೋದು ದೊಡ್ಡ ಕತೆ. ಕಾರ್ಖಾನೆಗಳು ಮುಚ್ಚಿದವು. ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೊರಟರು. ಮೂವತ್ತು ವಾರ ಬರುತ್ತೇನೆ ಅಂತ ಮಾತು ಕೊಡುವವರು ಕಮ್ಮಿಯಾದರು. ಹಾರ್ವರ್ಡ್‌ನ ರಾಬರ್ಟ್ ಪಟ್ನಮ್ 1990ರ ದಶಕದಲ್ಲೇ ಇದನ್ನು ಎತ್ತಿ ತೋರಿಸಿದ್ದರು. 1980ರಿಂದ 1993ರೊಳಗೆ ಬೌಲಿಂಗ್ ಆಡುವವರ ಸಂಖ್ಯೆ ಶೇ. 10ರಷ್ಟು ಏರಿತ್ತು, ಲೀಗ್ ಆಡುವವರು ಮಾತ್ರ ಶೇ. 40ರಷ್ಟು ಇಳಿದಿದ್ದರು. ಅಂದರೆ ಆಟ ಸಾಯಲಿಲ್ಲ. ಅದರ ಮಂಗಳವಾರ ಸತ್ತಿತು.

ಚೆಂಡೂ ತನ್ನ ಪಾಲಿನ ಹಾನಿ ಮಾಡಿತು. 1973ರಲ್ಲಿ ಡಾನ್ ಮಕ್ಯೂನ್ ಅನ್ನುವವನು ಪ್ಲಾಸ್ಟಿಕ್ ಚೆಂಡನ್ನು ಒಂದು ರಾಸಾಯನಿಕದಲ್ಲಿ ನೆನೆಸಿಟ್ಟು ಮೆತ್ತಗೆ ಮಾಡಿದ. ಅಕ್ಕಿ ನೆನೆಹಾಕಿದ ಹಾಗೆ! ಮೆತ್ತಗಿನ ಚೆಂಡು ನೆಲ ಕಚ್ಚಿಕೊಂಡಿತು. ಆ ವರ್ಷ ಆರು ಪ್ರಶಸ್ತಿ ಹೊಡೆದ. ಪಿಬಿಎ ಗಾಬರಿಯಾಗಿ ಚೆಂಡು ಎಷ್ಟು ಗಟ್ಟಿ ಇರಬೇಕು ಅಂತ ನಿಯಮ ತಂದಿತು. 1980ರ ದಶಕದಲ್ಲಿ ಯುರೆಥೇನ್ ಚೆಂಡು ಬಂತು, 1990ರ ದಶಕದ ಶುರುವಿನಲ್ಲಿ ರಿಯಾಕ್ಟಿವ್ ರೆಸಿನ್. ಆಮೇಲೆ ಅಂಗಡಿಯಲ್ಲಿ ದುಡ್ಡು ಕೊಟ್ಟವನಿಗೆಲ್ಲ ತಿರುವು ಸಿಕ್ಕಿತು. ಹನ್ನೆರಡು ಸ್ಟ್ರೈಕ್ ಹೊಡೆದು 300 ಅಂಕ ಮಾಡುವುದು ಮೊದಲು ಊರಿಗೆ ಊರೇ ಮಾತಾಡುವ ಸಂಗತಿ. 1967ರಲ್ಲಿ ಜ್ಯಾಕ್ ಬಿಯಾಂಡೊಲಿಲ್ಲೊ ದೇಶವೆಲ್ಲ ನೋಡುತ್ತಿದ್ದ ಟಿವಿಯಲ್ಲಿ ಮೊದಲ ಸಲ 300 ಹೊಡೆದದ್ದನ್ನು ಅಜ್ಜ ನಿನ್ನೆ ನಡೆದ ಹಾಗೆ ಹೇಳುತ್ತಾರೆ. ಈಗ ನಮ್ಮ ಲೀಗ್‌ನಲ್ಲೇ ಇಬ್ಬರಿಗೆ 300ರ ಉಂಗುರವಿದೆ. ಅದರಲ್ಲಿ ಒಬ್ಬನಿಗೆ ಸ್ಪೇರ್ ಹೊಡೆಯೋಕೆ, ಅಂದರೆ ಉಳಿದ ಪಿನ್‌ಗಳನ್ನು ಎರಡನೇ ಎಸೆತದಲ್ಲಿ ಕೆಡವೋಕೆ, ಸರಿಯಾಗಿ ಬರುವುದಿಲ್ಲ. (ಅವನು ಕನ್ನಡಿಗನಲ್ಲ, ಹಾಗಾಗಿ ಧೈರ್ಯವಾಗಿ ಬರೆಯುತ್ತಿದ್ದೇನೆ.)

1997ರ ಜೂನ್‌ನಲ್ಲಿ ಎಬಿಸಿ ಕೈ ಬಿಟ್ಟಿತು. 35 ವರ್ಷದ ಶನಿವಾರಗಳು ಮುಗಿದವು. ನೋಡುವವರಿಗೆ ವಯಸ್ಸಾಗಿತ್ತು, ಜಾಹೀರಾತಿನವರಿಗೆ ಹುಡುಗರು ಬೇಕಿತ್ತು. 2000ದಲ್ಲಿ ಮೈಕ್ರೋಸಾಫ್ಟ್‌ನಲ್ಲಿ ದುಡಿದು ದುಡ್ಡು ಮಾಡಿದ್ದ ಮೂವರು ಪಿಬಿಎಯನ್ನೇ ಕೊಂಡುಕೊಂಡರು. ನೈಕಿಯಲ್ಲಿದ್ದ ಸ್ಟೀವ್ ಮಿಲ್ಲರ್‌ನನ್ನು ತಂದು ಕೂರಿಸಿದರು. ಸದ್ದು, ಬೆಳಕು, ಆಟಗಾರರ ಜಗಳ, ಕೂಗಾಟ ಎಲ್ಲ ತಂದರು. ಪೀಟ್ ವೆಬರ್ ಕಪ್ಪು ಕನ್ನಡಕ ಹಾಕಿಕೊಂಡು ಕುಸ್ತಿಪಟುವಿನ ಹಾಗೆ ಅಬ್ಬರಿಸುತ್ತಿದ್ದ. 2012ರ ಯುಎಸ್ ಓಪನ್ನನ್ನು ಒಂದೇ ಪಿನ್ನಿನ ಅಂತರದಲ್ಲಿ ಗೆದ್ದು, "ನೀನೇನು ಯಾರು ಅಂದುಕೊಂಡಿದ್ದೀಯಾ? ನಾನೇ!" ಅಂತ ಅರ್ಥವಿಲ್ಲದೆ ಕಿರುಚಿದ ವಿಡಿಯೊ ನೀವೂ ನೋಡಿರಬಹುದು. ಅದು ಅವನ ಐದನೇ ಯುಎಸ್ ಓಪನ್. ಅದನ್ನು ಎಷ್ಟು ಜನ ಗಮನಿಸಿದರೋ.

ಮೈಕ್ರೋಸಾಫ್ಟ್ ಮಂದಿ ದಡ್ಡರಲ್ಲ. ಆದರೆ ಅವರು ಶನಿವಾರಕ್ಕೆ ಬಣ್ಣ ಹೊಡೆದರು, ಮಂಗಳವಾರಕ್ಕೆ ಕೈ ಹಾಕಲಿಲ್ಲ. ಹಾಕಿದ್ದರೂ ಮುಚ್ಚಿದ ಕಾರ್ಖಾನೆಯನ್ನು ಅವರೇನು ತೆರೆಯುತ್ತಿದ್ದರಾ? ಗೊತ್ತಿದೆ. ಆದರೂ "ಮಾರ್ಕೆಟಿಂಗ್ ಸರಿ ಇರಲಿಲ್ಲ" ಅನ್ನುವವರನ್ನು ಕಂಡರೆ ನನಗೆ ರೇಗುತ್ತದೆ.

ನನ್ನ ಮಟ್ಟಿಗೆ ಈ ಆಟದ ಅತಿ ಒಳ್ಳೆಯ ಗಳಿಗೆಗೆ ಯಾವ ಅಬ್ಬರವೂ ಬೇಕಿರಲಿಲ್ಲ. 2011ರ ಜನವರಿ, ಲಾಸ್ ವೇಗಸ್, ಟೂರ್ನಮೆಂಟ್ ಆಫ್ ಚಾಂಪಿಯನ್ಸ್ ಸೆಮಿಫೈನಲ್. ಮೊದಲ ಬಹುಮಾನ ಎರಡೂವರೆ ಲಕ್ಷ ಡಾಲರ್. ಫಿನ್ಲೆಂಡ್‌ನ ಮಿಕಾ ಕೊಯಿವುನಿಯೆಮಿ ಒಂದರ ಹಿಂದೆ ಒಂದು ಸ್ಟ್ರೈಕ್ ಹೊಡೆಯುತ್ತಿದ್ದಾನೆ. ಎದುರಿಗಿರುವ ಟಾಮ್ ಡಾಹರ್ಟಿಗೆ ಏನು ಮಾಡಿದರೂ ಲೇನು ಅರ್ಥವಾಗುತ್ತಿಲ್ಲ. ಸ್ಪ್ಲಿಟ್ ಮೇಲೆ ಸ್ಪ್ಲಿಟ್, ಅಂದರೆ ನಡುವೆ ಜಾಗ ಬಿಟ್ಟು ದೂರ ದೂರ ಉಳಿಯುವ ಪಿನ್‌ಗಳು. ಬೀದಿಯಲ್ಲಿ ಹೋಗುವವನನ್ನು ಕರೆದು ಆಡಿಸಿದರೂ ಬರುವಂಥ ಸ್ಕೋರು. ಕೊನೆಗೆ 299ಕ್ಕೆ 100. ಡಾಹರ್ಟಿ ತನ್ನ ನೂರು ಆದಾಗ ಗೆದ್ದವನ ಹಾಗೆ ಕೈ ಎತ್ತಿ ಕುಣಿದ, ಜನ ಎದ್ದು ಚಪ್ಪಾಳೆ ಹೊಡೆದರು. ಇಬ್ಬರೂ ಅದೇ ವಾರ ಅದೇ ಜಾಗದಲ್ಲಿ ಹತ್ತಾರು ಗೇಮ್ ಆಡಿ, ಲೋಕದ ಉತ್ತಮ ಆಟಗಾರರನ್ನು ಹಿಂದೆ ಹಾಕಿ ಬಂದವರು. ನಡುವೆ ಇದ್ದದ್ದು ಅದೇ, ಕಾಣದ ಎಣ್ಣೆ. ನಾನು ವರ್ಷಕ್ಕೊಮ್ಮೆಯಾದರೂ ಆ ವಿಡಿಯೊ ಹಾಕಿಕೊಂಡು ನೋಡುತ್ತೇನೆ.

ಈಗಿನ ಸ್ಥಿತಿ? 2019ರಲ್ಲಿ ಬೌಲೆರೊ ಕಂಪನಿ ಪಿಬಿಎಯನ್ನು ಕೊಂಡಿತು. ಈಗ ಆ ಕಂಪನಿಯ ಹೆಸರು ಲಕ್ಕಿ ಸ್ಟ್ರೈಕ್ ಎಂಟರ್‌ಟೇನ್‌ಮೆಂಟ್. ಮುನ್ನೂರಕ್ಕೂ ಜಾಸ್ತಿ ಸೆಂಟರ್‌ಗಳ ಒಡೆಯರು. ಅವರನ್ನು ಬೈಯುವುದು ಇಲ್ಲಿನ ಹಳಬರ ನಿತ್ಯಕರ್ಮ. ನಾನು ಅಷ್ಟು ಬೈಯುವುದಿಲ್ಲ. ಶುಕ್ರವಾರ ರಾತ್ರಿ ಪಾರ್ಟಿಗೆ ಬಂದವರು ಒಂದು ಲೇನಿಗೆ ಕೊಡುವಷ್ಟು ದುಡ್ಡನ್ನು ಲೀಗ್‌ನವರು ಕೊಡುವುದಿಲ್ಲ, ಇದು ಯಾರಿಗಾದರೂ ಗೊತ್ತಾಗುವ ಲೆಕ್ಕ. ಆದರೆ ದಾರ ಕಟ್ಟಿದ ಪಿನ್‌ಗಳನ್ನು ಮಾತ್ರ ನನ್ನ ಕೈಲಿ ಒಪ್ಪೋಕೆ ಆಗುತ್ತಿಲ್ಲ. ಹೊಸ ಮೆಷಿನ್‌ಗಳಲ್ಲಿ ಪ್ರತಿ ಪಿನ್ನಿನ ತಲೆಗೂ ದಾರವಿದೆ. ಬಿದ್ದ ಮೇಲೆ ಸೂತ್ರದ ಗೊಂಬೆಯ ಹಾಗೆ ಮೇಲಕ್ಕೆ ಎಳೆದುಕೊಳ್ಳುತ್ತದೆ. ರಿಪೇರಿ ಖರ್ಚು ಕಮ್ಮಿ. ಅಜ್ಜ ಒಮ್ಮೆ ನೋಡಿ, ಏನೂ ಹೇಳದೆ ಕಾಫಿ ತರೋಕೆ ಹೋದರು.

ಆಟ ಮಾತ್ರ ಯಾವತ್ತಿಗಿಂತ ಚೆನ್ನಾಗಿದೆ. ಆಸ್ಟ್ರೇಲಿಯಾದ ಆರೆಂಜ್ ಅನ್ನುವ ಸಣ್ಣ ಊರಿನ ಜೇಸನ್ ಬೆಲ್ಮೊಂಟೆ ಎರಡೂ ಕೈಯಲ್ಲಿ ಎಸೆಯುತ್ತಾನೆ. ಅಪ್ಪ ಅಮ್ಮ ಬೌಲಿಂಗ್ ಸೆಂಟರ್ ಇಟ್ಟಿದ್ದರು. ಪುಟ್ಟ ಮಗುವಿಗೆ ಚೆಂಡು ಭಾರವಾಗಿ ಎರಡು ಕೈ ಹಾಕಿದ್ದು, ಹಾಗೇ ಉಳಿಯಿತು. ಶುರುವಿನಲ್ಲಿ ಅದು ಮೋಸ ಅಂದವರಿದ್ದರು. ಅವನು 15 ಮೇಜರ್, ಅಂದರೆ ದೊಡ್ಡ ಟೂರ್ನಮೆಂಟ್ ಗೆದ್ದ, ಅಷ್ಟು ಇನ್ನಾರೂ ಗೆದ್ದಿಲ್ಲ. 2021ರಲ್ಲಿ ಹದಿನೆಂಟರ ಹುಡುಗ ಆಂಥನಿ ನೊಯರ್ ಎರಡು ಮೂಲೆಯಲ್ಲಿ ಒಂದೊಂದೇ ಪಿನ್ ಉಳಿದ 7-10 ಸ್ಪ್ಲಿಟ್ ಹೊಡೆದ. ಅದುವರೆಗೆ ಟಿವಿಯಲ್ಲಿ ಹಾಗೆ ಹೊಡೆದಿದ್ದವರು ಅವನನ್ನೂ ಸೇರಿಸಿ ನಾಲ್ಕೇ ಜನ. ಮೊದಲನೆಯವನು 1980ರಲ್ಲಿ ಮಾರ್ಕ್ ರಾಥ್. ನೊಯರ್‌ನ ವಿಡಿಯೊ ಎಲ್ಲರ ಫೋನಿಗೂ ಬಂತು, ಅಕ್ಕನ ಮಗನೂ ನನಗೆ ಕಳಿಸಿದ. ಆ ಗೇಮ್ ನೊಯರ್ ಸೋತ ಅನ್ನೋದು ಆ ವಿಡಿಯೊದಲ್ಲಿ ಇರಲಿಲ್ಲ.

ನಮ್ಮ ಲೀಗ್ ಈಗ ಹದಿನೈದು ಮೈಲಿ ದೂರದ ಸೆಂಟರ್‌ಗೆ ಹೋಗಿದೆ. ಮಂಗಳವಾರ ಅಲ್ಲಿ ಪಾರ್ಟಿ ಬುಕಿಂಗ್ ಅಂತೆ, ಗುರುವಾರ ಕೊಟ್ಟಿದ್ದಾರೆ. ಹನ್ನೆರಡು ತಂಡ ಇದ್ದದ್ದು ಏಳಾಗಿದೆ. ನಮ್ಮ ತಂಡಕ್ಕೆ ಒಬ್ಬ ಕಮ್ಮಿ. ಅಜ್ಜನನ್ನು ಕೇಳಿದೆ. ಭುಜ ನೋವು ಅಂದರು. ನಾನೂ ಒತ್ತಾಯ ಮಾಡಲಿಲ್ಲ. ನಿನ್ನೆ ಸಂಜೆ ನೋಡಿದರೆ ಗ್ಯಾರೇಜ್ ಬಾಗಿಲು ತೆಗೆದುಕೊಂಡು, ಹಳೆಯ ಕಪ್ಪು ಚೆಂಡನ್ನು ತೊಡೆಯ ಮೇಲಿಟ್ಟುಕೊಂಡು ಬಟ್ಟೆಯಲ್ಲಿ ಒರೆಸುತ್ತಾ ಕೂತಿದ್ದಾರೆ.

"ಎಷ್ಟು ಗಂಟೆಗೆ ಹೊರಡುವುದು?" ಎಂದರು.