ನೋಟರಿಗಳ ಅವಧಿಗೆ 15 ವರ್ಷಗಳ ಮಿತಿ ಬೇಕೇ?

ನೋಟರಿಯಾಗಬಯಸುವ ವಕೀಲರು ಕನಿಷ್ಠ 10 ವರ್ಷ ವೃತ್ತಿ ನಡೆಸಿರಬೇಕು; ಮಹಿಳೆಯರಿಗೂ ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ ಮತ್ತು ಹಿಂದುಳಿದ ವರ್ಗಗಳ ವಕೀಲರಿಗೂ 7 ವರ್ಷ ಸಾಕು. 1952ರ ನೋಟರಿ ಕಾಯ್ದೆಯ ಪ್ರಕಾರ ಸರ್ಕಾರ ಕೊಡುವ ವೃತ್ತಿ ಪ್ರಮಾಣಪತ್ರದ ಅವಧಿ 5 ವರ್ಷ, ಆಮೇಲಿನ ನವೀಕರಣಕ್ಕೆ ಲೆಕ್ಕದ ಮಿತಿಯಿಲ್ಲ. ಕೇಂದ್ರ ಕಾನೂನು ಸಚಿವಾಲಯವು 2021ರ ಡಿಸೆಂಬರಿನಲ್ಲಿ ಸಾರ್ವಜನಿಕರ ಮುಂದಿಟ್ಟ ತಿದ್ದುಪಡಿ ಕರಡು, ನವೀಕರಣವನ್ನು ಎರಡು ಸಲಕ್ಕೆ ನಿಲ್ಲಿಸಿ ಒಟ್ಟು ಅವಧಿಯನ್ನು 15 ವರ್ಷಕ್ಕೆ ಸೀಮಿತಗೊಳಿಸಬೇಕೆಂದು ಹೇಳಿತು. ಈ ಮಿತಿ ಸರಿಯೇ ಎಂಬುದು ಇಲ್ಲಿನ ಪ್ರಶ್ನೆ.

ಪರ

ನೋಟರಿಗಳ ಸಂಖ್ಯೆ ಇಷ್ಟೇ ಇರಬೇಕೆಂದು ಪ್ರತಿಯೊಂದು ರಾಜ್ಯಕ್ಕೂ ನಿಯಮಗಳೇ ಗೊತ್ತುಪಡಿಸಿವೆ. ಸ್ಥಾನಗಳು ಎಣಿಕೆಯವಾದ್ದರಿಂದ, ಮೂವತ್ತು ವರ್ಷ ಒಬ್ಬರೇ ಕುಳಿತ ಸ್ಥಾನವೆಂದರೆ ಆ ಮೂವತ್ತು ವರ್ಷವೂ ಇನ್ನೊಬ್ಬರಿಗೆ ಸಿಗದೆ ಹೋದ ಸ್ಥಾನ. ತಾಲ್ಲೂಕು ನ್ಯಾಯಾಲಯದಲ್ಲಿ ವಕೀಲಿಕೆ ಮಾಡುವವರಿಗೆ ಇದರ ಬಿಸಿ ಚೆನ್ನಾಗಿ ಗೊತ್ತು. ಕಕ್ಷಿದಾರರು ಹಿರಿಯರನ್ನೇ ಹುಡುಕಿಕೊಂಡು ಹೋಗುವ ಊರಿನಲ್ಲಿ, ಹತ್ತು ವರ್ಷ ದುಡಿದ ಒಬ್ಬ ಮಹಿಳಾ ವಕೀಲರಿಗೆ ನೋಟರಿ ಕೆಲಸವು ತಿಂಗಳು ತಿಂಗಳೂ ಒಂದಿಷ್ಟು ನಿಶ್ಚಿತ ಆದಾಯವನ್ನೂ ತನ್ನದೇ ಆದ ಒಂದು ಕಚೇರಿಯನ್ನೂ ಕೊಡಬಲ್ಲದು. ಸರ್ಕಾರ ನಂಬಿ ಒಪ್ಪಿಸಿದ ಕೆಲಸ ಇದು, ಪಿತ್ರಾರ್ಜಿತ ಆಸ್ತಿಯಲ್ಲ.

ಹೊಣೆಯ ಮಾತು ಇದಕ್ಕಿಂತ ದೊಡ್ಡದು. ಕಾಯ್ದೆಯ 8ನೆಯ ಪ್ರಕರಣ ನೋಟರಿಗೆ ಒಪ್ಪಿಸಿರುವ ಕೆಲಸಗಳು ಸಣ್ಣವಲ್ಲ: ದಸ್ತಾವೇಜುಗಳ ದೃಢೀಕರಣ, ಅಫಿಡವಿಟ್ಟಿಗೆ ಪ್ರಮಾಣ ಬೋಧಿಸುವುದು, ಹಣ ಸಂದಾಯವಾಗದೆ ಹೋದ ಹುಂಡಿಯ (ಹಣ ಕೊಡಬೇಕೆಂದು ಬರೆದ ವ್ಯಾಪಾರಿ ಪತ್ರದ) ಬಗ್ಗೆ ಟಿಪ್ಪಣಿ ಬರೆಯುವುದು, ಭಾಷಾಂತರವನ್ನು ಪರಿಶೀಲಿಸಿ ಕೊಡುವುದು. ನೋಟರಿಯ ಎದುರು ಬರೆದುಕೊಟ್ಟು ಅವರು ದೃಢೀಕರಿಸಿದ ಅಧಿಕಾರಪತ್ರವನ್ನು (ತನ್ನ ಪರವಾಗಿ ವ್ಯವಹರಿಸಲು ಇನ್ನೊಬ್ಬರಿಗೆ ಕೊಡುವ ಪವರ್ ಆಫ್ ಅಟಾರ್ನಿಯನ್ನು), ಸುಳ್ಳೆಂದು ತೋರಿಸುವವರೆಗೆ, ನ್ಯಾಯಾಲಯ ನಿಜವೆಂದೇ ಭಾವಿಸಬೇಕೆಂದು ಸಾಕ್ಷ್ಯ ಕಾನೂನು ಹೇಳುತ್ತದೆ. ಹೀಗಿರುವಾಗ, ನಾನು ಒಂದು ಅಫಿಡವಿಟ್ ಮಾಡಿಸಲು ಹೋದಾಗ ಕಂಡದ್ದು ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ. ನಾನು ಕುರ್ಚಿ ಎಳೆದು ಕೂರುವ ಮೊದಲೇ ಸಹಾಯಕ ಹುಡುಗ ಮೊಹರು ಒತ್ತಿ ಮುಗಿಸಿದ್ದ. ನನ್ನ ಗುರುತಿನ ಚೀಟಿಯನ್ನು ಯಾರೂ ಕೇಳಲಿಲ್ಲ, ಒಳಕೋಣೆಯಲ್ಲಿದ್ದ ನೋಟರಿಯವರ ಮುಖವನ್ನು ನಾನು ನೋಡಲೇ ಇಲ್ಲ. ದಶಕಗಟ್ಟಲೆ ಒಂದೇ ಕೆಲಸ, ಕೇಳುವವರಿಲ್ಲ ಎಂದಾಗ ಕೈ ಹೀಗೆ ಯಂತ್ರವಾಗುತ್ತದೆ. ತಪ್ಪು ನಡೆದರೆ ನೊಂದವರು ನೇರವಾಗಿ ನ್ಯಾಯಾಲಯಕ್ಕೆ ಹೋಗುವಂತೆಯೂ ಇಲ್ಲ, ಏಕೆಂದರೆ ನೋಟರಿ ತನ್ನ ಕರ್ತವ್ಯದ ನೆಪದಲ್ಲಿ ಮಾಡಿದ ಅಪರಾಧವನ್ನು ಸರ್ಕಾರದ ಅಧಿಕೃತ ಅಧಿಕಾರಿಯ ಲಿಖಿತ ದೂರಿಲ್ಲದೆ ನ್ಯಾಯಾಲಯ ವಿಚಾರಣೆಗೆ ಎತ್ತಿಕೊಳ್ಳಬಾರದೆಂದು 13ನೆಯ ಪ್ರಕರಣವಿದೆ. ಇಷ್ಟು ರಕ್ಷಣೆಯಿರುವ ಅಧಿಕಾರ ಒಬ್ಬರ ಕೈಯಲ್ಲಿ ಜೀವನಪೂರ್ತಿ ಉಳಿಯುವುದು ಸರಿಯಲ್ಲ.

ವಿರೋಧ

ಕಾನೂನು ಪದವಿ ಮುಗಿಸಿ 24ನೆಯ ವಯಸ್ಸಿಗೆ ಸನ್ನದು ಪಡೆದವರು ಹತ್ತು ವರ್ಷ ಕಳೆದು 34ಕ್ಕೆ ನೋಟರಿಯಾದರೆ, ಈ ಕರಡಿನಂತೆ 49ಕ್ಕೆ ಮೊಹರನ್ನು ಕೆಳಗಿಡಬೇಕು. ಏಳೇ ವರ್ಷಕ್ಕೆ ಅರ್ಹರಾಗುವ ಮಹಿಳೆಯರು, ಪರಿಶಿಷ್ಟರು 46ಕ್ಕೇ ಹೊರಬೀಳುತ್ತಾರೆ. ಯಾರಿಗಾಗಿ ಬಾಗಿಲು ಬೇಗ ತೆರೆಯಿತೋ ಅವರನ್ನೇ ಬೇಗ ಹೊರಗೆ ಕಳಿಸುವ ಲೆಕ್ಕವಿದು. ಅಷ್ಟರಲ್ಲಿ ಅವರ ವಕಾಲತ್ತಿನ ಕೆಲಸ ಏನಾಗಿರುತ್ತದೆ? ಬೆಳಗಿನಿಂದ ಸಂಜೆಯವರೆಗೆ ಜನ ಬಂದು ಹೋಗುವ ಕಚೇರಿ ನಡೆಸುವವರು ಪಾಟಿ ಸವಾಲಿಗೆ ಹೋಗಿ ನಿಲ್ಲುವುದು ಅಪರೂಪ. ಹದಿನೈದು ವರ್ಷ ಬಿಟ್ಟ ಕಕ್ಷಿದಾರರು ಐವತ್ತರ ಹೊಸ್ತಿಲಲ್ಲಿ ಮರಳಿ ಬರುವುದಿಲ್ಲ.

ಈ ಕೆಲಸದಲ್ಲಿ ಅನುಭವಕ್ಕೆ ಎಷ್ಟು ಬೆಲೆಯೆಂಬುದನ್ನು ನಾನು ಒಬ್ಬ ಹಿರಿಯ ನೋಟರಿಯವರ ಮೇಜಿನ ಪಕ್ಕದಲ್ಲಿ ಕಲಿತೆ. ವಯಸ್ಸಾದ ತಾಯಿಯೊಬ್ಬರನ್ನು ಅವರ ಮಗ ಕರೆತಂದಿದ್ದ. ಜಿಪಿಎ, ಅಂದರೆ ಸಾಮಾನ್ಯ ಅಧಿಕಾರಪತ್ರ, ಸಿದ್ಧವಾಗಿತ್ತು, ಛಾಪಾ ಕಾಗದ ಅಂಟಿತ್ತು, ಹೆಬ್ಬೆಟ್ಟು ಒತ್ತುವುದೊಂದೇ ಬಾಕಿ. ನೋಟರಿಯವರು ಕಾಗದವನ್ನು ಬದಿಗೆ ಸರಿಸಿ, ಮಗನನ್ನು ಹೊರಗೆ ಕೂರಿಸಿ, "ಅಮ್ಮಾ, ಇದರಲ್ಲಿ ಏನು ಬರೆದಿದೆ ಅಂತ ನನಗೆ ಹೇಳಿ" ಎಂದರು. ಆಕೆ, ಪಿಂಚಣಿಗೆ ಅರ್ಜಿ ಎಂದರು. ಅದರಲ್ಲಿದ್ದದ್ದು ಎರಡು ಎಕರೆ ಮಾರುವ ಅಧಿಕಾರ. ಆ ದಿನ ಮೊಹರು ಬೀಳಲಿಲ್ಲ. ಈ ಪ್ರಶ್ನೆಯನ್ನು ಯಾವ ನಿಯಮವೂ ಕಲಿಸುವುದಿಲ್ಲ. ಸಾವಿರಾರು ಮುಖಗಳನ್ನು ನೋಡಿದ ಕಣ್ಣು ಕಲಿಸುತ್ತದೆ.

ನೋಟರಿಗಳ ದುರುಪಯೋಗ ಇದೆ, ಅದನ್ನು ಮರೆಮಾಚುವುದು ತಪ್ಪು. ನೂರು ರೂಪಾಯಿ ಅಥವಾ ಅದಕ್ಕೆ ಮೇಲ್ಪಟ್ಟ ಬೆಲೆಯ ಸ್ಥಿರಾಸ್ತಿಯ ಮಾರಾಟಕ್ಕೆ ನೋಂದಣಿ ಕಡ್ಡಾಯವಾಗಿದ್ದರೂ, ರೆವಿನ್ಯೂ ಸೈಟನ್ನು ಬರೀ 'ನೋಟರಿ ಅಗ್ರಿಮೆಂಟಿನ' ಮೇಲೆ ಕೊಂಡು ಜೀವಮಾನದ ಉಳಿತಾಯ ಕಳೆದುಕೊಂಡವರು ಬೆಂಗಳೂರಿನ ಸುತ್ತಮುತ್ತ ಎಷ್ಟೋ ಮಂದಿ. ಮದುವೆಯನ್ನೂ ವಿಚ್ಛೇದನವನ್ನೂ ನೋಟರಿ ಕಾಗದದಲ್ಲಿ ಮಾಡಿಕೊಡುವವರಿದ್ದಾರೆ. ಅದಕ್ಕೆ ನೋಟರಿಗೆ ಅಧಿಕಾರವೇ ಇಲ್ಲವೆಂದು ಕೇಂದ್ರ ಕಾನೂನು ಇಲಾಖೆ 2024ರ ಅಕ್ಟೋಬರಿನಲ್ಲಿ ಮತ್ತೆ ಎಚ್ಚರಿಸಬೇಕಾಯಿತು. ಆದರೆ ಇಂಥ ಕಾಗದಕ್ಕೆ ಮೊಹರು ಒತ್ತುವವರು ಮೂರನೆಯ ವರ್ಷದಲ್ಲೂ ಒತ್ತುತ್ತಾರೆ, ಮೂವತ್ತನೆಯ ವರ್ಷದಲ್ಲೂ ಒತ್ತುತ್ತಾರೆ. ಅವಧಿ ಮುಗಿಯುತ್ತಿದೆ ಎಂದು ತಿಳಿದವರು ಕೊನೆಯ ವರ್ಷದಲ್ಲಿ ಹೆಚ್ಚು ಒತ್ತಲಾರರೆಂದು ನಂಬಲು ನನಗೆ ಕಾರಣ ಕಾಣುವುದಿಲ್ಲ.

ಸ್ಥಾನಗಳು ಸಾಲದಿದ್ದರೆ ಸ್ಥಾನಗಳನ್ನು ಹೆಚ್ಚಿಸಬಹುದು. ರಾಜ್ಯವಾರು ಸಂಖ್ಯೆಯನ್ನು ಗೊತ್ತುಪಡಿಸುವ ನಿಯಮಗಳ ಅನುಸೂಚಿಯನ್ನು ಬರೆದದ್ದು ಸರ್ಕಾರವೇ. ಯಾಂತ್ರಿಕತೆಗೆ ಮದ್ದು ನಿಯಮಗಳಲ್ಲೇ ಇದೆ. ನೋಟರಿಯು ತಾನು ಮಾಡಿದ ಕೆಲಸಗಳನ್ನು ದಾಖಲಿಸುವ ವಹಿಯನ್ನು ಬಳಸಲು ತೊಡಗುವ ಮುನ್ನ ಅದರಲ್ಲಿ ಎಷ್ಟು ಪುಟಗಳಿವೆಯೆಂದು ಮೊದಲ ಪುಟದಲ್ಲೇ ಬರೆದು ದೃಢೀಕರಿಸಬೇಕು, ಅಂದರೆ ನಡುವೆ ಹಾಳೆ ಸೇರಿಸಲು, ಕೀಳಲು ಬಾರದು. ಜಿಲ್ಲಾ ನ್ಯಾಯಾಧೀಶರು ಅಥವಾ ಸರ್ಕಾರ ನೇಮಿಸಿದ ಅಧಿಕಾರಿ ವರ್ಷಕ್ಕೆ ಎರಡು ಸಲದವರೆಗೆ ಆ ವಹಿಯನ್ನು ತಪಾಸಣೆ ಮಾಡಬಹುದು. ಪ್ರತಿ ಜನವರಿಯ ಮೊದಲ ವಾರ ಹಿಂದಿನ ವರ್ಷದ ಕೆಲಸದ ವರದಿಯನ್ನು ನೋಟರಿ ಸಲ್ಲಿಸಲೇಬೇಕು. ದುರ್ನಡತೆ ಸಾಬೀತಾದರೆ ಹೆಸರನ್ನು ಪಟ್ಟಿಯಿಂದ ತೆಗೆದುಹಾಕುವ ಅಧಿಕಾರವನ್ನು 10ನೆಯ ಪ್ರಕರಣ ಈಗಾಗಲೇ ಕೊಟ್ಟಿದೆ. ಐದು ವರ್ಷಕ್ಕೊಮ್ಮೆ ನವೀಕರಣದ ಅರ್ಜಿ ಬಂದಾಗ ಅಧಿಕಾರಿಯೊಬ್ಬರು ಆ ವಹಿಯನ್ನು ತರಿಸಿಕೊಂಡು, ಯಾವುದಾದರೂ ಇಪ್ಪತ್ತು ನಮೂದುಗಳನ್ನು ಆರಿಸಿ, ಅಲ್ಲಿ ಹೆಬ್ಬೆಟ್ಟು ಒತ್ತಿದವರನ್ನು ಕರೆಸಿ, "ನೀವು ಅಂದು ನೋಟರಿಯವರ ಎದುರು ಕುಳಿತಿದ್ದಿರಾ?" ಎಂದು ಕೇಳಲಿ. ಇಲ್ಲವೆಂಬ ಉತ್ತರ ಬಂದವರ ನವೀಕರಣ ಮೊದಲ ಐದು ವರ್ಷಕ್ಕೇ ನಿಲ್ಲಲಿ.