ತಟ್ಟೆ ಒಂದು ಕಡೆ, ತಲೆ ಇನ್ನೊಂದು ಕಡೆ

18ನೇ ಶತಮಾನದ ಇಂಗ್ಲೆಂಡಿನಲ್ಲಿ ಸಿರಿವಂತರ ಮನೆ ಹುಡುಗ ಓದು ಮುಗಿಸಿದ ಅಂದ್ರೆ ಇಟಲಿಗೆ ಗಾಡಿ ಕಟ್ಟಲೇಬೇಕು. ಹಳೇ ಶಿಲ್ಪ ನೋಡಿ ರಸಿಕನಾಗಬೇಕಲ್ವಾ? ಜೊತೆಗೆ ಕಾವಲಿಗೊಬ್ಬ ಮೇಷ್ಟ್ರು. ಆ ಮೇಷ್ಟ್ರಿಗೆ ಜನ ಇಟ್ಟಿದ್ದ ಅಡ್ಡಹೆಸರು 'ಕರಡಿ ಆಡಿಸುವವ'. ಕರಡಿ ಯಾರು ಅಂತ ಬಿಡಿಸಿ ಹೇಳಬೇಕಿಲ್ಲ.

ಈ ಕರಡಿ ಆಲ್ಪ್ಸ್ ದಾಟಿ ರೋಮಿಗೆ ಬಂದು, ವ್ಯಾಟಿಕನ್ನಿನ ಬೆಲ್ವೆಡೇರ್ ಅಪೊಲೊ ಎಂಬ ವಿಗ್ರಹದ ಮುಂದೆ ನಿಂತು 'ಆಹಾ, ಗ್ರೀಕರ ಕೈಚಳಕ!' ಅನ್ನಬೇಕು. ಅದು ರೋಮನ್ನರ ಕಾಲದ ನಕಲು ಅಂತ ಆಮೇಲಿನ ವಿದ್ವಾಂಸರು ಹೇಳಿದರು. ಹೇಳಲಿ ಬಿಡಿ, ಹುಡುಗ ಆಗಲೇ ಆಹಾ ಅಂದಾಗಿತ್ತು. ರಾತ್ರಿ ಪಂಜು ಹಿಡಿಸಿಕೊಂಡು ಬಂದು ಇನ್ನೊಮ್ಮೆ ನೋಡುವುದೂ ಫ್ಯಾಷನ್. ಪಂಜಿನ ಬೆಳಕಿಗೆ ಕಲ್ಲಿಗೆ ಜೀವ ಬಂದ ಹಾಗೆ ಕಾಣುತ್ತಿತ್ತಂತೆ. ತೇಪೆ ಎಷ್ಟು ಕಾಣುತ್ತಿತ್ತೋ, ಆ ದೇವರೇ ಬಲ್ಲ.

ತೇಪೆಗೇನು ಬರವೇ? ನೆಲ ಅಗೆದರೆ ಸಿಗುತ್ತಿದ್ದದ್ದು ಜಾಸ್ತಿ ಮೂಗಿಲ್ಲದ ಮುಖ, ಕೈಯಿಲ್ಲದ ಮೈ. ಕೊಳ್ಳುವವರಿಗೆ ಬೇಕಾದದ್ದು ಇಡೀ ವಿಗ್ರಹ. ಅದಕ್ಕೇ ರೋಮಿನ ಕವಾಚೆಪ್ಪಿಯಂಥ ರಿಪೇರಿ ಶಿಲ್ಪಿಗಳ ಕಾರ್ಖಾನೆಯಲ್ಲಿ ಮೂಗು, ತೋಳು, ತಲೆ ಎಲ್ಲಾ ಕೂಡಿಸಿಕೊಡುತ್ತಿದ್ದರು. ಕಲೆ ಕಲಿಯಲು ಲಂಡನ್ನಿನಿಂದ ರೋಮಿಗೆ ಹೋದ ನೊಲೆಕೆನ್ಸ್ ಎಂಬ ಶಿಲ್ಪಿ ಅಲ್ಲಿ ಕಲಿತದ್ದೇನು ಅಂತ ಅವನ ಶಿಷ್ಯನೇ ಬರೆದಿಟ್ಟಿದ್ದಾನೆ: ಹೊಸ ತೇಪೆಗೆ ಹೊಗೆಸೊಪ್ಪಿನ ನೀರು ಬಳಿದರೆ ಕಲ್ಲಿಗೆ ಸಾವಿರ ವರ್ಷ ವಯಸ್ಸಾಗುತ್ತದೆ! ಎಲೆಯಡಿಕೆಗೆ ಹಾಕಿಕೊಳ್ಳುವ ಅದೇ ಹೊಗೆಸೊಪ್ಪು ಸ್ವಾಮಿ.

ಹಳೇ ಶಿಲ್ಪ ಕೂಡಿಡುವ ಹುಚ್ಚಿದ್ದ ಇಂಗ್ಲಿಷ್ ಸಿರಿವಂತ ಚಾರ್ಲ್ಸ್ ಟೌನ್ಲಿಯ ಕಥೆ ಇನ್ನೂ ಚೆಂದ. 1790ರ ಸುಮಾರಿಗೆ ರೋಮಿನ ಹತ್ತಿರದ ತಿವೊಲಿಯಲ್ಲಿ, ರೋಮನ್ ಚಕ್ರವರ್ತಿ ಹೇಡ್ರಿಯನ್ನನ ಅರಮನೆಯ ಅವಶೇಷದಲ್ಲಿ, ತಟ್ಟೆ (ಡಿಸ್ಕಸ್) ಎಸೆಯುವ ಆಟಗಾರನ ವಿಗ್ರಹ ಸಿಕ್ಕಿತು. ರೋಮಿನ ರಿಪೇರಿಯವರು ತಲೆ ಕೂರಿಸಿದರು, ನೆಲ ನೋಡುವ ಹಾಗೆ. ಅದೇ ಆಟಗಾರನ ಇನ್ನೊಂದು ಪ್ರತಿ 1781ರಲ್ಲೇ ರೋಮಿನಲ್ಲಿ ಸಿಕ್ಕಿತ್ತು. ಅವನು ಕತ್ತು ಹೊರಳಿಸಿ ಹಿಂದೆ ಎತ್ತಿದ ತಟ್ಟೆಯನ್ನೇ ನೋಡುತ್ತಿದ್ದ. ಅಂದರೆ ಉತ್ತರಪತ್ರಿಕೆ ಅದೇ ಊರಿನಲ್ಲಿತ್ತು! ವ್ಯಾಪಾರಿ ಜೆಂಕಿನ್ಸ್ ಮಾತ್ರ ನೆಲ ನೋಡುವವನನ್ನೇ ಟೌನ್ಲಿಗೆ 400 ಪೌಂಡಿಗೆ ದಾಟಿಸಿದ. ಪೇನ್ ನೈಟ್ ಎಂಬ ಗೆಳೆಯ ನೋಡಿದವನೇ, ತಲೆ ತಪ್ಪಾಗಿ ಕೂತಿದೆ ಅಂದ. ಟೌನ್ಲಿ ಒಪ್ಪಬೇಕಲ್ಲ! ನನ್ನದೇ ಸರಿ, ನನ್ನದೇ ಮೇಲು ಅಂತ ಪಟ್ಟು ಹಿಡಿದ. 400 ಪೌಂಡ್ ಕೊಟ್ಟವನ ಕತ್ತು ಅಷ್ಟು ಸುಲಭವಾಗಿ ಹೊರಳುತ್ತದೆಯೇ?

ಟೌನ್ಲಿ ತೀರಿಕೊಂಡ ಮೇಲೆ, 1805ರಲ್ಲಿ ವಿಗ್ರಹ ಬ್ರಿಟಿಷ್ ಮ್ಯೂಸಿಯಂ ಸೇರಿತು. ತಲೆ ತಪ್ಪು ಅಂತ ಈಗ ಮ್ಯೂಸಿಯಂನವರೇ ಹೇಳುತ್ತಾರೆ, ಆದರೆ ಅದನ್ನು ಮುಟ್ಟಿಲ್ಲ. ಪಾಪ, ಕೈಯಲ್ಲೇ ತಟ್ಟೆ ಇಟ್ಟುಕೊಂಡು ಅವನು ಇವತ್ತಿಗೂ ನೆಲದ ಮೇಲೆ ಏನನ್ನೋ ಹುಡುಕುತ್ತಿದ್ದಾನೆ.